ರೆಪ್ಪೆಯಾಡಿಸಿ ಆಡಿದ ಮಾತು

ಲಕ್ವ ಹೊಡೆಯಿತೆಂದರೆ ಏನೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಒಂದು ಪಾರ್ಶ್ವದ ಕೈಕಾಲು ಬಿದ್ದುಹೋಗುವುದು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಇವನ್ನು ನಂಟರಿಷ್ಟರಲ್ಲಿ ಎಲ್ಲೋ ಒಂದು ಕಡೆ ಕಾಣದ ಮನೆಯಿರಲಾರದು. ಆದರೆ ಈ ವ್ಯಾಧಿಗೆ ಇನ್ನೊಂದು ರೂಪವೂ ಉಂಟು. ಅದು ಅಪರೂಪದ್ದು, ಅಪರೂಪವಾದುದರಿಂದಲೇ ಗುರುತು ಸಿಕ್ಕದೆ ಹೋಗುವಂಥದು. ಅದರಲ್ಲಿ ಒಂದು ಪಾರ್ಶ್ವವಲ್ಲ, ಎರಡೂ ಪಾರ್ಶ್ವಗಳು ಒಟ್ಟಿಗೆ ಬೀಳುತ್ತವೆ. ಕೈಯಾಡದು, ಕಾಲಾಡದು, ಮಾತಿಲ್ಲ, ನುಂಗಲು ಶಕ್ತಿಯಿಲ್ಲ, ಕತ್ತು ಹೊರಳಿಸಲೂ ಆಗದು. ನೋಡಿದವರು ಜ್ಞಾನ ತಪ್ಪಿದೆ ಎನ್ನುತ್ತಾರೆ. ಆದರೆ ಜ್ಞಾನ ತಪ್ಪಿರುವುದಿಲ್ಲ. ಮಲಗಿರುವವರಿಗೆ ಎಲ್ಲವೂ ಕೇಳಿಸುತ್ತಿರುತ್ತದೆ, ಎಲ್ಲವೂ ತಿಳಿಯುತ್ತಿರುತ್ತದೆ. ಮಂಚದ ಪಕ್ಕದಲ್ಲಿ ನಿಂತು ಬಂಧುಗಳು ಆಡಿಕೊಳ್ಳುವ ಪಿಸುಮಾತು ಸಹ. ಅವರ ವಶದಲ್ಲಿ ಉಳಿದಿರುವುದು ಕಣ್ಣನ್ನು ಮೇಲಕ್ಕೂ ಕೆಳಕ್ಕೂ ಆಡಿಸುವುದು, ರೆಪ್ಪೆ ಮಿಟುಕಿಸುವುದು, ಇಷ್ಟೇ.

ಇದಕ್ಕೆ ಲಾಕ್ಡ್-ಇನ್ ಸಿಂಡ್ರೋಮ್ ಎಂಬ ಹೆಸರನ್ನು 1966ರಲ್ಲಿ ಅಮೆರಿಕದ ಫ್ರೆಡ್ ಪ್ಲಮ್ ಮತ್ತು ಜೆರೋಮ್ ಪೋಸ್ನರ್ ಎಂಬ ಇಬ್ಬರು ವೈದ್ಯರು ಕೊಟ್ಟರು. ಒಳಗೆ ಮನುಷ್ಯನಿದ್ದಾನೆ, ಬಾಗಿಲಿಗೆ ಬೀಗ ಬಿದ್ದಿದೆ ಎಂಬ ಭಾವ. ವೈದ್ಯರು ಹೆಸರಿಡುವುದಕ್ಕೆ ನೂರಿಪ್ಪತ್ತು ವರ್ಷ ಮೊದಲೇ ಫ್ರಾನ್ಸಿನ ಕಾದಂಬರಿಕಾರ ಅಲೆಕ್ಸಾಂಡರ್ ಡ್ಯೂಮಾ ಇದನ್ನು ಕಂಡಿದ್ದ. ಆತನ ‘ಕೌಂಟ್ ಆಫ್ ಮಾಂಟೆ ಕ್ರಿಸ್ಟೊ’ ಓದಿದವರಿಗೆ ನ್ವಾರ್ತಿಯೇ ಎಂಬ ಮುದುಕನ ನೆನಪಿರಬಹುದು. ಕೈಕಾಲು ಮಾತು ಎಲ್ಲವೂ ಹೋದ ಆ ಮುದುಕ, ಮೊಮ್ಮಗಳು ಅಕ್ಷರಗಳನ್ನು ಹೇಳುತ್ತ ಹೋದಂತೆ ಕಣ್ಣಿನಿಂದಲೇ ಉತ್ತರ ಕೊಟ್ಟು ತನ್ನ ಉಯಿಲನ್ನೂ ಬರೆಸುತ್ತಾನೆ. ಮೊಮ್ಮಗಳು ಕಂಡುಕೊಂಡ ಆ ಉಪಾಯವೇ ಇಂದಿಗೂ ಆಸ್ಪತ್ರೆಗಳಲ್ಲಿ ನಡೆಯುತ್ತಿದೆ.

ದೇಹದೊಳಗೆ ನಡೆಯುವುದೇನು ಎಂಬುದನ್ನು ಕೋಡಂಬಾಕ್ಕದ ನಿವಾಸಿಗಳಿಗೆ ತಿಳಿಸುವುದು ಸುಲಭ. ಮಿದುಳಿನ ಕೆಳಭಾಗದಲ್ಲಿ ಕಾಂಡದಂತೆ ಇಳಿದು ಬೆನ್ನುಹುರಿಯನ್ನು ಸೇರುವ ಭಾಗವಿದೆಯಷ್ಟೆ. ಅದರ ನಡುವಿನ ಉಬ್ಬಿಗೆ ಪಾನ್ಸ್ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಆ ಶಬ್ದಕ್ಕೆ ಸೇತುವೆ ಎಂದೇ ಅರ್ಥ. ನಮ್ಮ ಕೋಡಂಬಾಕ್ಕಂ ಮೇಲುಸೇತುವೆಯನ್ನು ನೆನೆದುಕೊಳ್ಳಿ. 1960ರ ದಶಕದ ನಡುವಿನಲ್ಲಿ ಅದು ಕಟ್ಟಿ ಮುಗಿಯುವವರೆಗೆ ಅಲ್ಲಿ ಇದ್ದುದು ರೈಲ್ವೆ ಗೇಟು. ಗೇಟು ಬಿತ್ತೆಂದರೆ ಈಚೆಯ ಬಂಡಿ ಈಚೆ, ಆಚೆಯ ಬಂಡಿ ಆಚೆ. ನಿಂತ ಕಾರುಗಳಲ್ಲಿ ಸಿನಿಮಾ ತಾರೆಯರ ಮುಖ ಕಂಡೀತೆಂದು ಜನ ಅಲ್ಲಿ ಕಾದು ನಿಲ್ಲುತ್ತಿದ್ದ ಕಥೆ ಎಲ್ಲರಿಗೂ ತಿಳಿದದ್ದೇ. ಕನ್ನಡ ಚಿತ್ರಗಳು ಬಹುಮಟ್ಟಿಗೆ ಮದರಾಸಿನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದ ಆ ದಿನಗಳಲ್ಲಿ ನಮ್ಮವರೂ ಎಷ್ಟೋ ಮಂದಿ ಆ ಗೇಟಿನ ಮುಂದೆ ಕಾದವರೇ. ಗೇಟು ಮುಚ್ಚಿದ್ದರಿಂದ ಈಚೆಯ ಸ್ಟುಡಿಯೋದಲ್ಲಿ ದೀಪ ಆರಿತೆ? ಆಚೆಯ ಊರು ನಿದ್ದೆ ಹೋಯಿತೆ? ಇಲ್ಲ. ದಾಟುವುದೊಂದೇ ನಿಂತಿತು.

ಪಾನ್ಸಿನ ಮುಂಭಾಗದಲ್ಲಿ, ಮಿದುಳಿನಿಂದ ಕೈಕಾಲು, ನಾಲಿಗೆ, ಗಂಟಲುಗಳಿಗೆ ಅಪ್ಪಣೆ ಒಯ್ಯುವ ನರತಂತುಗಳೆಲ್ಲ ಒತ್ತಾಗಿ ಇಳಿದುಬರುತ್ತವೆ. ಕತ್ತಿನ ಹಿಂಬದಿಯಿಂದ ಏರಿಬರುವ ಎರಡು ರಕ್ತನಾಳಗಳು ಕೂಡಿ ಒಂದಾಗುವ ಬೇಸಿಲಾರ್ ಎಂಬ ನಾಳವು ಈ ಭಾಗವನ್ನು ಪೋಷಿಸುತ್ತದೆ. ಅದರಲ್ಲಿ ರಕ್ತ ಹೆಪ್ಪುಗಟ್ಟಿತೋ, ಅಪ್ಪಣೆಯ ದಾರಿಯೆಲ್ಲ ಒಮ್ಮೆಗೇ ಮುಚ್ಚಿಹೋಗುತ್ತದೆ. ಪಕ್ಕಕ್ಕೆ ನೋಟ ಹಾಯಿಸುವ ಕೇಂದ್ರವೂ ಪಾನ್ಸಿನಲ್ಲೇ ಇರುವುದರಿಂದ ಕಣ್ಣು ಎಡಬಲಕ್ಕೆ ಹೊರಳದು. ಆದರೆ ಕಣ್ಣನ್ನು ಮೇಲೆ ಕೆಳಗೆ ಆಡಿಸುವ, ರೆಪ್ಪೆಯನ್ನು ಎತ್ತುವ ಕೇಂದ್ರಗಳು ಅದಕ್ಕಿಂತ ಮೇಲಿನ ಅಂತಸ್ತಿನವು. ಎಚ್ಚರವನ್ನು ಕಾಯುವ ಭಾಗ ಮತ್ತು ಕಿವಿಯ ದಾರಿ ಹಿಂಬದಿಯವು. ಅವು ಉಳಿದುಕೊಳ್ಳುತ್ತವೆ. ನೋವು ತಿಳಿಯುವುದೂ ಎಷ್ಟೋ ವೇಳೆ ಉಳಿದಿರುತ್ತದೆ. ಆದ್ದರಿಂದ ‘ಏನೂ ಗೊತ್ತಾಗುವುದಿಲ್ಲ, ಬಿಡಿ’ ಎಂದುಕೊಂಡು ಒರಟಾಗಿ ಮಗ್ಗುಲು ಮಾಡಿಸುವುದು ಕ್ರೂರ.

ಮೊದಲ ಕೆಲವು ಗಂಟೆಗಳ ಮಾತನ್ನು ಇಲ್ಲಿಯೇ ಹೇಳಿಬಿಡುವುದು ಮೇಲು. ಈ ಬಗೆಯ ಲಕ್ವ ಅನೇಕ ವೇಳೆ ತಲೆ ತಿರುಗುವುದರಿಂದ ಪ್ರಾರಂಭವಾಗುತ್ತದೆ. ವಾಂತಿ, ಒಂದು ಎರಡಾಗಿ ಕಾಣುವುದು, ನಾಲಿಗೆ ತೊಡರುವುದು, ನಡಿಗೆ ತೂರಾಡುವುದು. ಪಿತ್ತ ನೆತ್ತಿಗೇರಿದೆ ಎಂದು ನಿಂಬೆಹಣ್ಣಿನ ಪಾನಕ ಕುಡಿಸಿ ಮಲಗಿಸುವುದು ನಮ್ಮಲ್ಲಿ ವಾಡಿಕೆ. ಪಿತ್ತಕ್ಕೆ ಪಾನಕ ಒಳ್ಳೆಯದೇ ಇರಬಹುದು. ನುಂಗಲಾರದ ಗಂಟಲಿಗೆ ಸುರಿದ ಪಾನಕ ಮಾತ್ರ ಶ್ವಾಸಕೋಶಕ್ಕೆ ಇಳಿಯುತ್ತದೆ. ಇಂಥ ಚಿಹ್ನೆಗಳು ಥಟ್ಟನೆ ಒಟ್ಟಾಗಿ ಬಂದರೆ 108ಕ್ಕೆ ಫೋನು ಮಾಡಿ, ಮಿದುಳಿನ ಲಕ್ವಕ್ಕೆ ಹಗಲಿರುಳು ಚಿಕಿತ್ಸೆಯಿರುವ ಆಸ್ಪತ್ರೆಗೆ ಒಯ್ಯಬೇಕು. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಬೇಸಿಲಾರ್ ನಾಳದ ಹೆಪ್ಪನ್ನು ಸಣ್ಣ ನಳಿಗೆ ತೂರಿಸಿ ಹೊರಗೆಳೆಯುವ ವಿಧಾನವೂ ಇದೆ. ಅದನ್ನು ಕುರಿತು ಚೀನದಲ್ಲಿ ನಡೆದ ಎರಡು ಪರೀಕ್ಷೆಗಳ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಹೆಪ್ಪು ತೆಗೆಸಿಕೊಂಡವರಲ್ಲಿ ನೂರಕ್ಕೆ 46 ಮಂದಿ ಮೂರು ತಿಂಗಳ ಮೇಲೆ ಇನ್ನೊಬ್ಬರ ಆಸರೆಯಿಲ್ಲದೆ ನಡೆದಾಡುವ ಮಟ್ಟಕ್ಕಾದರೂ ಬಂದಿದ್ದರು. ಔಷಧಿಯೊಂದನ್ನೇ ಪಡೆದವರಲ್ಲಿ ಅದರ ಅರ್ಧದಷ್ಟು ಮಾತ್ರ. ಎಂದರೆ ಬೀಗ ಬೀಳುವುದಕ್ಕೆ ಮುಂಚೆಯೇ ಬಾಗಿಲು ಹಿಡಿಯುವ ಕಾಲ ಬಂದಿದೆ. ಆದರೆ ತಡವಾಗಿ ತಲುಪಿದವರ ಗತಿ?

ಅವರ ಗತಿ ಬಹುಮಟ್ಟಿಗೆ ಮನೆಯವರ ಕಣ್ಣಿನ ಮೇಲೆ ನಿಂತಿದೆ. ಇದು ಅತಿಶಯೋಕ್ತಿಯಲ್ಲ. ಸ್ಪೇನಿನ ಲಿಯೊನ್-ಕಾರಿಯೊನ್ ಮತ್ತು ಸಂಗಡಿಗರು ಇಂಥ 44 ರೋಗಿಗಳ ವೃತ್ತಾಂತವನ್ನು ಕಲೆಹಾಕಿ 2002ರಲ್ಲಿ ಪ್ರಕಟಿಸಿದರು. ಗುರುತು ಹಿಡಿಯುವುದಕ್ಕೆ ಸರಾಸರಿ ಎರಡೂವರೆ ತಿಂಗಳು ಹಿಡಿದಿತ್ತು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ, ಇವರಿಗೆ ಎಚ್ಚರವಿದೆ ಎಂದು ಮೊದಲು ಕಂಡುಕೊಂಡವರು ವೈದ್ಯರಲ್ಲ, ಮನೆಯವರು. ಎರಡೂವರೆ ತಿಂಗಳು ಎಂದರೆ ಎಷ್ಟು ದೀರ್ಘ ಕಾಲವೆಂಬುದನ್ನು ಒಳಗಿರುವವರ ಲೆಕ್ಕದಲ್ಲಿ ಯೋಚಿಸಬೇಕು. ಅಮೆರಿಕದ ಜೂಲಿಯಾ ತವಲಾರೊ ಎಂಬಾಕೆಯ ಲೆಕ್ಕ ಇನ್ನೂ ಘೋರ. 1966ರಲ್ಲಿ, 31ರ ವಯಸ್ಸಿನಲ್ಲಿ, ಆಕೆಗೆ ಲಕ್ವ ಹೊಡೆಯಿತು. ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಆಕೆಯನ್ನು ಬುದ್ಧಿ ಅಳಿದ ದೇಹವೆಂದೇ ತಿಳಿದು ಆರು ವರ್ಷಕ್ಕೂ ಮೇಲ್ಪಟ್ಟು ನೋಡಿಕೊಂಡರು. 1973ರಲ್ಲಿ ಆರ್ಲೀನ್ ಕ್ರಾಟ್ ಎಂಬ ಮಾತಿನ ಚಿಕಿತ್ಸಕಿ, ಹೌದಾದರೆ ಮೇಲೆ ನೋಡು ಎಂದು ಕೇಳಿದ ಮೇಲೆ ಬಾಗಿಲು ತೆರೆಯಿತು. ಮುಂದೆ ಆಕೆ ಕವಿತೆ ಬರೆದರು. 1997ರಲ್ಲಿ ತಮ್ಮ ಕಥೆಯನ್ನು ಪುಸ್ತಕವಾಗಿಯೂ ತಂದರು. ಆ ಚಿಕಿತ್ಸಕಿ ಪ್ರಯೋಗಿಸಿದ್ದು ಯಾವ ಯಂತ್ರವನ್ನೂ ಅಲ್ಲ, ಒಂದು ಪ್ರಶ್ನೆಯನ್ನು.

ನಮ್ಮ ದೇಶದಲ್ಲಿ ಇದಕ್ಕೆ ಇನ್ನೊಂದು ದಾಯಾದಿ ಇದೆ. ಕಟ್ಟುಹಾವಿನ ಕಡಿತ, ತಮಿಳರು ಕಟ್ಟುವಿರಿಯನ್ ಎನ್ನುತ್ತಾರೆ. ನೆಲದ ಮೇಲೆ ಮಲಗಿದವರನ್ನು ರಾತ್ರಿ ಹೊತ್ತು ಕಡಿಯುವ ಹಾವು; ಕಡಿದ ಜಾಗದಲ್ಲಿ ಹೆಚ್ಚು ನೋವೂ ಇರದು. ವಿಷವೇರಿದಾಗ ರೆಪ್ಪೆಯೂ ಬೀಳುತ್ತದೆ, ಕಣ್ಣಪಾಪೆ ಹಿಗ್ಗಿ ನಿಲ್ಲುತ್ತದೆ, ಉಸಿರು ಕಟ್ಟುತ್ತದೆ. ಮಿದುಳು ಸತ್ತಿತೆಂದು ವೈದ್ಯರೂ ಭ್ರಮಿಸುವಂತಾದ ಉದಾಹರಣೆಗಳನ್ನು ನಮ್ಮ ದೇಶದ ವೈದ್ಯಕೀಯ ಪತ್ರಿಕೆಗಳು ಪ್ರಕಟಿಸಿವೆ. ಕೃತಕ ಉಸಿರಾಟದ ಯಂತ್ರದಲ್ಲಿಟ್ಟು ಕಾದರೆ ಅಂಥವರು ದಿನಗಳಲ್ಲೋ ವಾರಗಳಲ್ಲೋ ಎದ್ದು ಕೂರುವುದುಂಟು. ಲಕ್ವದಲ್ಲಿ ಅಷ್ಟು ಬೇಗ ಏಳುವ ಭಾಗ್ಯವಿಲ್ಲ. ಆದರೆ ಎರಡರಲ್ಲೂ ದೇಹ ಉತ್ತರ ಕೊಡದಿರುವುದನ್ನು ಮನುಷ್ಯನೇ ಇಲ್ಲವೆಂದು ಓದುವ ಅಪಾಯ ಒಂದೇ.

ಈಗ ಚೆನ್ನೈಯ ಕನ್ನಡಿಗರಾದ ನಮಗೇ ವಿಶೇಷವಾದ ಸಂಗತಿಗೆ ಬರುತ್ತೇವೆ. ಊರಿನಲ್ಲಿ ಒಬ್ಬರೇ ಇರುವುದು ಬೇಡವೆಂದು ಮಕ್ಕಳು ತಾಯಿಯನ್ನು ಹಾಸನದಿಂದಲೋ ಶಿವಮೊಗ್ಗೆಯಿಂದಲೋ ಕರೆತಂದು ಇಲ್ಲಿ ಇಟ್ಟುಕೊಂಡಿರುತ್ತಾರೆ. ಆ ತಾಯಿಗೆ ತಮಿಳು ಬಾರದು. ತರಕಾರಿಯವನ ಸಂಗಡ ಬೆರಳು ಎಣಿಸಿ ವ್ಯವಹರಿಸುವಷ್ಟೇ. ತೀವ್ರ ನಿಗಾ ಘಟಕದಲ್ಲಿ ನರ್ಸಮ್ಮ ಒಳ್ಳೆಯ ಮನಸ್ಸಿನಿಂದಲೇ ‘ಮೇಲೇ ಪಾರುಂಗ’ ಎನ್ನುತ್ತಾರೆ, ವೈದ್ಯರು ಇಂಗ್ಲಿಷಿನಲ್ಲಿ ಕೈ ಹಿಸುಕಲು ಹೇಳುತ್ತಾರೆ. ಕೈಯಂತೂ ಆಡದು, ಮಾತು ಅರ್ಥವಾಗದ್ದರಿಂದ ಕಣ್ಣೂ ಆಡಲಿಲ್ಲವೆನ್ನಿ. ಹೇಳಿದ್ದಕ್ಕೆ ಸ್ಪಂದನವಿಲ್ಲ ಎಂದು ಕಾಗದದಲ್ಲಿ ದಾಖಲಾಗಿಬಿಡುತ್ತದೆ. ಯಾರದೂ ತಪ್ಪಲ್ಲ. ಆದರೆ ಅದೇ ಮಗಳು ಹತ್ತಿರ ಬಾಗಿ, ‘ಅಮ್ಮಾ, ನಾನು ಹೇಳೋದು ಕೇಳಿಸ್ತಿದ್ರೆ ಒಂದು ಸಲ ಮೇಲೆ ನೋಡಮ್ಮ’ ಎಂದರೆ ಫಲ ಬೇರೆಯಾಗಬಹುದು. ಅವರವರ ಮನೆಯ ಕನ್ನಡದಲ್ಲೇ ಕೇಳಬೇಕು. ಕೊಡಿಯಾಲದವರು ಕೊಡಿಯಾಲದಂತೆ, ಧಾರವಾಡದವರು ಧಾರವಾಡದಂತೆ.

ಕೇಳುವುದರಲ್ಲೂ ಕ್ರಮವಿದೆ. ಕನ್ನಡಕ ಹಾಕುವವರಾದರೆ ಮೊದಲು ಕನ್ನಡಕ ಹಾಕಿ. ಕಿವಿಯ ಯಂತ್ರವಿದ್ದರೆ ಅದನ್ನೂ ಇಡಿ. ಇದನ್ನು ಮರೆಯುವವರೇ ಹೆಚ್ಚು. ಪಕ್ಕಕ್ಕೆ ನೋಡಲು ಹೇಳಬೇಡಿ, ಮೇಲಕ್ಕೆ ನೋಡಲು ಹೇಳಿ. ಮೊದಲ ವಾರಗಳಲ್ಲಿ ಎಚ್ಚರ ಬಂದು ಬಂದು ಹೋಗುತ್ತಿರುತ್ತದೆ. ಬೆಳಗ್ಗೆ ಉತ್ತರ ಬಾರದಿದ್ದರೆ ಸಂಜೆ ಕೇಳಿ, ನಾಳೆಯೂ ಕೇಳಿ. ಒಂದು ಬಾರಿ ಕಣ್ಣಾಡಿತೆಂದು ಕುಣಿಯಲೂ ಬಾರದು. ಉತ್ತರ ನಿಮಗೆ ಗೊತ್ತಿರುವ ಹತ್ತು ಪ್ರಶ್ನೆ ಹಾಕಬೇಕು. ನಿಮಗೆ ಮೂವರು ಮಕ್ಕಳೇ? ನಮ್ಮ ತಂದೆಯವರು ರೈಲ್ವೆಯಲ್ಲಿದ್ದರೇ? ಹೌದು, ಇಲ್ಲ ಎರಡೂ ಬೆರಕೆಯಾಗಿರಲಿ. ಹತ್ತರಲ್ಲಿ ಐದು ಸರಿ ಬಂದರೆ ಅದು ನಾಣ್ಯ ಚಿಮ್ಮಿದಂತೆ. ಒಂಬತ್ತು ಸರಿ ಬಂದರೆ ಒಳಗಿನಿಂದ ಯಾರೋ ಓಗೊಟ್ಟಂತೆ. ಅದನ್ನು ಬರೆದಿಟ್ಟು ವೈದ್ಯರನ್ನು ಕರೆದು ಅವರ ಎದುರಿಗೇ ಮತ್ತೆ ತೋರಿಸಿ. ಕೈಯನ್ನು ನಾವೇ ಹಿಡಿದು ಅಕ್ಷರ ಒತ್ತಿಸುವ ಪದ್ಧತಿ ಮಾತ್ರ ಬೇಡ. ಬೆಲ್ಜಿಯಂ ದೇಶದಲ್ಲಿ ಹಾಗೆ ‘ಮಾತನಾಡಿದ’ ರೋಗಿಯೊಬ್ಬರ ಸುದ್ದಿ 2009ರಲ್ಲಿ ಜಗತ್ತನ್ನೆಲ್ಲ ಸುತ್ತಿತು. ಪರೀಕ್ಷಿಸಿ ನೋಡಿದಾಗ ಮಾತು ರೋಗಿಯದಲ್ಲ, ಕೈ ಹಿಡಿದವರದೇ ಎಂದು ತಿಳಿಯಿತು.

ಹಾಸಿಗೆಯಲ್ಲಿ ನಿಶ್ಚಲವಾಗಿ ಮಲಗಿದವರೆಲ್ಲ ಒಳಗೆ ಎಚ್ಚರವಾಗಿಯೇ ಇರುತ್ತಾರೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿ ನೊಂದ ಮನೆಗಳಿಗೆ ಹುಸಿ ಆಸೆ ಹುಟ್ಟಿಸುವುದು ತರವಲ್ಲ. ಆದರೆ ಹೇಳಿದ್ದಕ್ಕೆ ಯಾವ ಚಲನೆಯಿಂದಲೂ ಉತ್ತರ ಕೊಡದಿದ್ದ 241 ಮಂದಿಯನ್ನು, ಬೇರೆ ಬೇರೆ ಕಾರಣಗಳಿಂದ ಮಿದುಳಿಗೆ ಪೆಟ್ಟಾದವರನ್ನು, ಯಂತ್ರಗಳಿಂದ ಪರೀಕ್ಷಿಸಿದ ವರದಿಯೊಂದು 2024ರಲ್ಲಿ ಬಂತು. ಅವರಲ್ಲಿ 60 ಮಂದಿಯ ಮಿದುಳು ಹೇಳಿದ ಮಾತಿಗೆ ಒಳಗೊಳಗೇ ಸ್ಪಂದಿಸುತ್ತಿತ್ತು. ನಾಲ್ವರಲ್ಲಿ ಒಬ್ಬರು. ಕೇಳಿ ನೋಡುವುದಕ್ಕೆ ಇಷ್ಟು ಆಧಾರ ಸಾಲದೆ?

ಹೌದು, ಇಲ್ಲ ಎಂಬೆರಡು ಮಾತು ಸಿಕ್ಕಿದ ಮೇಲೆ ಮನುಷ್ಯನಿಗೆ ಅಷ್ಟಕ್ಕೇ ತೃಪ್ತಿಯಾಗದು. ಪ್ಯಾರಿಸ್ಸಿನ ‘ಎಲ್’ ಎಂಬ ಮಹಿಳಾ ಪತ್ರಿಕೆಯ ಸಂಪಾದಕ ಜಾನ್-ದೊಮಿನಿಕ್ ಬೊಬಿಗೆ 1995ರ ಡಿಸೆಂಬರ್ 8ರಂದು ಮಿದುಳಿನ ಕಾಂಡದ ಲಕ್ವ ತಗುಲಿತು. ವಯಸ್ಸು 43. ಸುಮಾರು ಇಪ್ಪತ್ತು ದಿನದ ಮೇಲೆ ಎಚ್ಚರವಾದಾಗ ಅವರ ಪಾಲಿಗೆ ಉಳಿದಿದ್ದುದು ಎಡಗಣ್ಣಿನ ರೆಪ್ಪೆ. ಬಲಗಣ್ಣು ಒಣಗಿ ಕೆಡದಿರಲೆಂದು ಅದನ್ನು ಹೊಲಿದುಬಿಟ್ಟಿದ್ದರು. ಸಮುದ್ರತೀರದ ಬೆರ್ಕ್ ಎಂಬ ಊರಿನ ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸಕಿ ಅವರಿಗಾಗಿ ಫ್ರೆಂಚ್ ಅಕ್ಷರಗಳನ್ನು ಹೊಸ ಕ್ರಮದಲ್ಲಿ ಜೋಡಿಸಿದರು. ಎ, ಬಿ, ಸಿ ಎಂದಲ್ಲ. ಆ ಭಾಷೆಯಲ್ಲಿ ಯಾವ ಅಕ್ಷರ ಹೆಚ್ಚು ಬರುವುದೋ ಅದು ಮೊದಲು. ಇ, ಎಸ್, ಎ, ಆರ್, ಐ, ಎನ್ ಹೀಗೆ. ಎದುರು ಕುಳಿತವರು ಅಕ್ಷರಗಳನ್ನು ಓದುತ್ತ ಹೋಗುವುದು, ಬೇಕಾದುದು ಬಂದಾಗ ಬೊಬಿ ರೆಪ್ಪೆ ಮಿಟುಕಿಸುವುದು. ಈ ರೀತಿ 1996ರ ಬೇಸಿಗೆಯಲ್ಲಿ ಕ್ಲೋದ್ ಮಾಂದಿಬಿಲ್ ಎಂಬಾಕೆ ಬರೆದುಕೊಳ್ಳುತ್ತ, ಬೊಬಿ ಒಂದು ಪುಸ್ತಕವನ್ನೇ ಹೇಳಿ ಬರೆಸಿದರು. ಮಾರನೆಯ ದಿನ ಹೇಳಬೇಕಾದ ವಾಕ್ಯಗಳನ್ನು ಮನಸ್ಸಿನಲ್ಲೇ ತಿದ್ದಿ ಬಾಯಿಪಾಠ ಮಾಡಿಟ್ಟುಕೊಳ್ಳುತ್ತಿದ್ದರಂತೆ. 1997ರ ಮಾರ್ಚಿಯಲ್ಲಿ ಪುಸ್ತಕ ಹೊರಬಂತು. ಕೆಲವೇ ದಿನಗಳಲ್ಲಿ, ಮಾರ್ಚಿ 9ರಂದು, ಅವರು ತೀರಿಕೊಂಡರು. 2007ರಲ್ಲಿ ಅದು ಚಲನಚಿತ್ರವೂ ಆಯಿತು.

ಹಾಗಾದರೆ ಕನ್ನಡದಲ್ಲಿ ಹೇಗೆ? ನಮ್ಮ ವರ್ಣಮಾಲೆ 49 ಅಕ್ಷರಗಳದು. ಅದರ ಮೇಲೆ ಕಾಗುಣಿತ, ಒತ್ತು. ಅ ಆ ಇ ಈ ಎಂದು ಒಂದೊಂದಾಗಿ ಓದುತ್ತ ಹೊರಟರೆ ‘ನ’ ಬರುವುದು 35ನೆಯದಾಗಿ. ಅಷ್ಟರಲ್ಲಿ ಓದುವವರಿಗೂ ಆಕಳಿಕೆ, ಕೇಳುವವರಿಗೂ ನಿದ್ದೆ. ಇಲ್ಲಿ ನೆರೆಯ ತಮಿಳಿನಿಂದ ಒಂದು ಮಿತವ್ಯಯವನ್ನು ಕಡ ತರಬಹುದೆಂದು ನಮಗೆ ತೋರುತ್ತದೆ. ಕ, ಖ, ಗ, ಘ ನಾಲ್ಕಕ್ಕೂ ತಮಿಳರು ಒಂದೇ ಅಕ್ಷರ ಬರೆದು ಎರಡು ಸಾವಿರ ವರ್ಷ ಸುಖವಾಗಿ ಬಾಳಲಿಲ್ಲವೆ? ಮಡಿವಂತ ವೈಯಾಕರಣರು ಕ್ಷಮಿಸಬೇಕು. ಹಾಸಿಗೆಯ ಪಕ್ಕದಲ್ಲಿ ಮಹಾಪ್ರಾಣಕ್ಕೆ ಎಡೆಯಿಲ್ಲ. ದೀರ್ಘ, ಒತ್ತು, ಅನುಸ್ವಾರಗಳನ್ನೂ ಬಿಟ್ಟು, ವರ್ಗಕ್ಕೊಂದು ಅಕ್ಷರ ಹಿಡಿದರೆ 20 ಅಕ್ಷರಗಳಲ್ಲಿ ಕನ್ನಡವೆಲ್ಲ ಅಡಗುತ್ತದೆ. ಒಂದು ರಟ್ಟಿನ ಮೇಲೆ ಹೀಗೆ ಬರೆಯಿರಿ:

ಒಂದು: ಅ ಇ ಉ ಎ ಒ
ಎರಡು: ಕ ಚ ಟ ತ ಪ
ಮೂರು: ನ ಮ ಯ ರ ಲ
ನಾಲ್ಕು: ವ ಳ ಸ ಹ ಣ
ಐದು: ನೋವು, ಕಫ, ಮಗ್ಗುಲು, ಸೆಕೆ, ತಪ್ಪು

ಮೊದಲು ಸಾಲಿನ ಸಂಖ್ಯೆಯನ್ನು ಕೂಗುವುದು. ಬೇಕಾದ ಸಾಲು ಬಂದಾಗ ರೋಗಿ ಮೇಲೆ ನೋಡುತ್ತಾರೆ. ಆಮೇಲೆ ಆ ಸಾಲಿನ ಅಕ್ಷರಗಳನ್ನು ಒಂದೊಂದಾಗಿ ಓದುವುದು. ಮತ್ತೆ ಮೇಲೆ ನೋಡುತ್ತಾರೆ. ‘ಬೆನ್ನು’ ಎನ್ನಬೇಕಾದರೆ ಪ, ಎ, ನ, ಉ. ನಾಲ್ಕು ಅಕ್ಷರ, ಎಂಟು ಸಲ ಕಣ್ಣೆತ್ತುವುದು. ಓದುವವರು ಕೂಗಬೇಕಾದುದು ಒಟ್ಟು 20 ಸಲ. ಸ್ವರ ಹೇಳದಿದ್ದರೆ ಅಕಾರವೆಂದು ತಿಳಿಯಬೇಕು. ಪ, ಎ, ಟ ಎಂದು ಬಂದರೆ ‘ಬೇಡ’ ಎಂದೂ ಓದಬಹುದು, ‘ಪೇಟ’ ಎಂದೂ ಓದಬಹುದು. ಹಾಸಿಗೆ ಹಿಡಿದವರು ಪೇಟ ಕೇಳುವುದು ಅಪರೂಪವಾದುದರಿಂದ ತೊಂದರೆಯಿಲ್ಲ. ಐದನೆಯ ಸಾಲಿನ ಸೆಕೆಯನ್ನು ನಾವು ಹಾಸ್ಯಕ್ಕೆ ಸೇರಿಸಿದ್ದಲ್ಲ. ಚೆನ್ನೈಯ ಮೇ ತಿಂಗಳಿನಲ್ಲಿ ಫ್ಯಾನು ನಿಂತರೆ, ಕೈಬೀಸಿಕೊಳ್ಳಲಾಗದವರ ಪಾಡು ಏನಾದೀತು?

ಒಂದು ಸಂಜೆ ಮನೆಯಲ್ಲಿ ಇದನ್ನು ಪ್ರಯೋಗಿಸಿ ನೋಡಿದೆವು. ಮನೆಯ ಹಿರಿಯರೊಬ್ಬರು ಬಾಯಿ ಬಿಗಿದುಕೊಂಡು ಆರಾಮಕುರ್ಚಿಯಲ್ಲಿ ಒರಗಿದರು. ಸೊಸೆ ರಟ್ಟು ಹಿಡಿದು ಓದಿದಳು. ಮೊದಲ ಅಕ್ಷರ ‘ಕ’ ಬಂದುದೇ ತಡ, ‘ಕಾಫಿ ಬೇಕಾ ಮಾವ?’ ಎಂದಳು. ಮಾವನವರು ಕಣ್ಣು ಕೆಳಕ್ಕೆ ಹಾಕಿದರು. ‘ಇ’ ಬಂತು. ‘ಕಿವಿ ನೋವಾ?’ ಮತ್ತೆ ಕೆಳಕ್ಕೆ. ಮೂರನೆಯ ಅಕ್ಷರಕ್ಕೆ ಅವರ ತಾಳ್ಮೆ ತಪ್ಪಿ ಬಾಯಿಯೇ ತೆರೆಯಿತು: ‘ಕಿಟಕಿ ತೆಗಿಯಮ್ಮ ಅಂತ! ಪೂರ್ತಿ ಹೇಳೋಕಾದ್ರೂ ಬಿಡು.’ ಎಲ್ಲರೂ ನಕ್ಕೆವು. ನಿಜವಾಗಿ ಮಲಗಿದವರಿಗೆ ಹಾಗೆ ಬಾಯಿ ತೆರೆಯುವ ಅನುಕೂಲವಿಲ್ಲ. ಊಹಿಸಿ ಹೇಳುವುದು ಸಮಯ ಉಳಿಸುವುದೇನೋ ನಿಜ. ಆದರೆ ಎರಡು ಅಕ್ಷರವಾದರೂ ಬಂದ ಮೇಲೆ ಊಹಿಸಬೇಕು, ಊಹೆ ತಪ್ಪಿದರೆ ಸುಮ್ಮನೆ ಮುಂದಕ್ಕೆ ಓದಬೇಕು.

ತಂತಿ ಕಚೇರಿಯಲ್ಲಿ ದುಡಿದು ನಿವೃತ್ತರಾದವರಿಗೆ ಈ ರಟ್ಟೂ ಬೇಡ. ತಂತಿಯ ಸೇವೆ 2013ರಲ್ಲಿ ನಿಂತುಹೋದರೂ ಕಟ್ಟ-ಕಡ ಸಂಕೇತ ಅವರ ರಕ್ತದಲ್ಲಿರುತ್ತದೆ. ರೆಪ್ಪೆಯಿಂದ ಮೋರ್ಸ್ ಸಂಕೇತ ಕೊಟ್ಟು ಮಾತಾಡಿದ ರೋಗಿಯ ವೃತ್ತಾಂತ 1971ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ.

ಯಂತ್ರಗಳ ವಿಷಯವನ್ನು ಚಿಕ್ಕದಾಗಿ ಹೇಳುತ್ತೇವೆ. ಕಣ್ಣು ಎಲ್ಲಿ ನೋಡುವುದೋ ಅದನ್ನು ಹಿಡಿದು ಅಕ್ಷರ ಮೂಡಿಸುವ ಕಂಪ್ಯೂಟರುಗಳಿವೆ. ಮಾತು ಬಾರದ ಮಕ್ಕಳಿಗಾಗಿ ‘ಆವಾಜ್’ ಎಂಬ ಮಾತಿನ ಸಾಧನವನ್ನು ನಮ್ಮ ಚೆನ್ನೈಯಲ್ಲೇ ಅಜಿತ್ ನಾರಾಯಣನ್ ಎಂಬ ಎಂಜಿನಿಯರು ಕೋಟ್ಟೂರುಪುರದ ವಿದ್ಯಾಸಾಗರ್ ಸಂಸ್ಥೆಯ ಸಹಕಾರದಿಂದ ರೂಪಿಸಿದರು. ಅಮೆರಿಕದಲ್ಲಿ ಮಿದುಳಿನ ಮೇಲೆಯೇ ತೆಳುವಾದ ವಿದ್ಯುತ್ ತಗಡನ್ನು ಇಟ್ಟು, ಆಡಬೇಕೆಂದ ಮಾತನ್ನು ಓದುವ ಪ್ರಯತ್ನ ನಡೆದಿದೆ. 2021ರಲ್ಲಿ, ಮಿದುಳಿನ ಕಾಂಡಕ್ಕೆ ಲಕ್ವ ಹೊಡೆದು ಮಾತು ಕಳೆದುಕೊಂಡವರೊಬ್ಬರು ಈ ರೀತಿ 50 ಪದಗಳ ಭಂಡಾರದಿಂದ ವಾಕ್ಯ ರಚಿಸಿದರು. 2023ರಲ್ಲಿ ಇನ್ನೊಬ್ಬ ಮಹಿಳೆಗೆ ನಿಮಿಷಕ್ಕೆ 78 ಪದಗಳ ವೇಗ ಸಾಧ್ಯವಾಯಿತು. ಬೆರಗಾಗುವ ಸಂಗತಿಗಳೇ. ಆದರೆ ಅವು ಪ್ರಯೋಗಶಾಲೆಯವು. ರಟ್ಟು ಇಂದು ಸಂಜೆಗೇ ಸಿಕ್ಕುತ್ತದೆ. ರಟ್ಟನ್ನು ಬಳಸುವುದನ್ನೂ ಗಂಟಲಿನ ಅಭ್ಯಾಸವನ್ನೂ ಹೇಳಿಕೊಡುವ ಮಾತಿನ ಚಿಕಿತ್ಸಕರನ್ನು ಆಸ್ಪತ್ರೆಯಲ್ಲಿ ಕೇಳಿ ಪಡೆಯಬೇಕು. ಈ ವಿದ್ಯೆಯನ್ನು ಕಲಿಸಲೆಂದೇ 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಪ್ರಾರಂಭವಾಯಿತು. ಕನ್ನಡ ಬಲ್ಲ ಚಿಕಿತ್ಸಕರು ಬೇಕೆಂದರೆ ಅಲ್ಲಿ ವಿಚಾರಿಸಬಹುದು.

ದೇಹ ಮರಳಿ ಬರುವುದೇ? ಓದುವವರ ಮನಸ್ಸಿನಲ್ಲಿ ಮೊದಲಿನಿಂದಲೂ ಇರುವ ಪ್ರಶ್ನೆ ಇದೇ ಎಂಬುದನ್ನು ಬಲ್ಲೆವು. ಪೂರ್ತಿಯಾಗಿ ಮರಳುವುದು ವಿರಳ. ಮೊದಲ ನಾಲ್ಕು ತಿಂಗಳು ಗಂಡಾಂತರದ ಕಾಲ. ಕಫ ಕಟ್ಟಿ ಶ್ವಾಸಕೋಶ ಕೆಟ್ಟು ಹೋಗುವವರೇ ಹೆಚ್ಚು. ಅದನ್ನು ದಾಟಿ ಒಂದು ವರ್ಷ ನಿಂತವರು ಮಾತ್ರ ಗಟ್ಟಿ. ಅಂಥವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಹತ್ತು ವರ್ಷದ ಮೇಲೂ ಬದುಕಿದ್ದುದನ್ನು ಅಮೆರಿಕದ ಅಧ್ಯಯನವೊಂದು 2003ರಲ್ಲಿ ತೋರಿಸಿತು. ಚಲನೆ ಮರಳುವುದಾದರೆ ಸಾಮಾನ್ಯವಾಗಿ ತುದಿಯಿಂದ ಒಳಕ್ಕೆ ಬರುತ್ತದೆ: ಬೆರಳ ತುದಿ, ಕಾಲ ಬೆರಳು, ಕತ್ತಿನ ಸಣ್ಣ ಅಲುಗಾಟ. ಒಂದು ಬೆರಳು ಆಡಿತೆಂದರೆ ಒಂದು ಗುಂಡಿ ಒತ್ತಬಹುದು. ಒಂದು ಗುಂಡಿ ಒತ್ತಿದರೆ ಗಂಟೆ ಬಾರಿಸಿ ಜನ ಕರೆಯಬಹುದು. ಈ ಲೆಕ್ಕದಲ್ಲಿ ಬೆರಳೊಂದು ಸಣ್ಣ ಆಸ್ತಿಯಲ್ಲ.

ವಿರಳವೆಂದೆವು, ಇಲ್ಲವೆನ್ನಲಿಲ್ಲ. ಇಂಗ್ಲೆಂಡಿನ ಷೆಫೀಲ್ಡಿನ ಕೇಟ್ ಅಲಟ್ ಮೂರು ಮಕ್ಕಳ ತಾಯಿ, ಗುಡ್ಡ ಹತ್ತಿ ಓಡುವ ಹವ್ಯಾಸದವರು. 2010ರ ಫೆಬ್ರುವರಿಯಲ್ಲಿ, 39ನೆಯ ವಯಸ್ಸಿನಲ್ಲಿ, ತಲೆನೋವಿನಿಂದ ಪ್ರಾರಂಭವಾಗಿ ಬೀಗ ಬಿದ್ದ ಸ್ಥಿತಿಗೆ ಬಂದರು. ಗೆಳತಿಯರು ಅಕ್ಷರದ ಹಲಗೆ ತಂದು ಕಣ್ಣಿನ ಮಾತು ಕಲಿಸಿದರು. ಮೊದಲು ಆಡಿದ್ದು ಹೆಬ್ಬೆರಳು. ಅದನ್ನೇ ಹಿಡಿದುಕೊಂಡು ದಿನವೂ ಆಡಿಸಿ ಆಡಿಸಿ, ಸುಮಾರು ಎಂಟು ತಿಂಗಳ ಮೇಲೆ ಆಸ್ಪತ್ರೆಯಿಂದ ನಡೆದೇ ಹೊರಬಂದರು. ವರ್ಷ ತುಂಬುವ ಹೊತ್ತಿಗೆ ಮತ್ತೆ ಓಡಿದರು. ಇಂಥ ಕಥೆಯನ್ನು ಎಲ್ಲ ಮಂಚಗಳ ಪಕ್ಕದಲ್ಲೂ ಹೇಳಿ, ‘ಅವರಾದರೆ ನೀವೇಕಾಗಬಾರದು’ ಎಂದು ಪೀಡಿಸುವವರಿದ್ದಾರೆ. ಅದು ಸಲ್ಲದು. ನರತಂತು ಎಷ್ಟು ಉಳಿದಿದೆಯೋ ಅಷ್ಟರ ಮೇಲೆಯೇ ಎಲ್ಲವೂ. ಛಲವೊಂದೇ ಸಾಕಾಗಿದ್ದರೆ ಬೊಬಿಯೂ ನಡೆದಾಡುತ್ತಿದ್ದರು.

ನಡೆಯಲಾಗದವರ ಮಾತನ್ನೂ ಕೇಳೋಣ. ಬೊಬಿ 1997ರಲ್ಲಿ ಸ್ಥಾಪಿಸಿದ ಸಂಘದ ಸದಸ್ಯರಿಗೆ ಬೆಲ್ಜಿಯಂನ ಸ್ಟೀವನ್ ಲಾರೈಸ್ ಮತ್ತು ಸಂಗಡಿಗರು ಪ್ರಶ್ನಾವಳಿ ಕಳುಹಿಸಿ 2011ರಲ್ಲಿ ಉತ್ತರಗಳನ್ನು ಪ್ರಕಟಿಸಿದರು. ಸುಖವಾಗಿದ್ದೀರಾ ಎಂಬುದಕ್ಕೆ ಲೆಕ್ಕಕ್ಕೆ ಸಿಕ್ಕುವಂತೆ ಉತ್ತರಿಸಿದ 65 ಮಂದಿಯಲ್ಲಿ 47 ಮಂದಿ ಸುಖವಾಗಿದ್ದೇವೆಂದರು, 18 ಮಂದಿ ಇಲ್ಲವೆಂದರು. ಆ ಸ್ಥಿತಿಯಲ್ಲಿ ಹೆಚ್ಚು ವರ್ಷ ಕಳೆದವರಲ್ಲಿ ಸುಖವೆಂದವರು ಹೆಚ್ಚು. ಇಲ್ಲವೆಂದವರ ದುಃಖಕ್ಕೆ ಮಾತು ಮರಳಿ ಬಾರದಿರುವುದೂ ಒಂದು ಕಾರಣ. ಅವರ ಪರವಾಗಿ ನಾವು ಹೊರಗೆ ನಿಂತು, ‘ಇಂಥ ಬಾಳಿಗಿಂತ ಹೋಗುವುದೇ ವಾಸಿ’ ಎಂದು ತೀರ್ಪು ಕೊಡುವುದಕ್ಕೆ ಮೊದಲು ಈ ಸಂಖ್ಯೆಗಳನ್ನು ನೆನೆಯಬೇಕು. ಆ ಮಾತನ್ನು ಅವರ ಕಿವಿಗೆ ಬೀಳುವಂತೆ ಆಡುವವರೂ ಇದ್ದಾರೆ!

ಮನೆಗೆ ಕರೆತಂದ ಮೇಲಿನ ಕೆಲಸ ದೊಡ್ಡದು, ಹೆಚ್ಚಿನ ಭಾಗ ಹೆಂಗಸರ ಮೇಲೆಯೇ ಬೀಳುವಂಥದು. ಎರಡು ಗಂಟೆಗೊಮ್ಮೆ ಮಗ್ಗುಲು, ಗಂಟಲಿನ ನಳಿಗೆಯಲ್ಲಿ ಕಫ ತೆಗೆಯುವುದು, ಕಣ್ಣು ಒಣಗದಂತೆ ಹನಿ, ಕೀಲುಗಳು ಬಿಗಿಯದಂತೆ ವ್ಯಾಯಾಮ. ಗಂಡಸರು ರಾತ್ರಿಯ ಒಂದು ಪಾಳಿಯನ್ನಾದರೂ ವಹಿಸಿಕೊಳ್ಳಲಿ. ಕಾರಣವಿಲ್ಲದೆ ರೋಗಿ ಅಳುವುದು, ನಗುವುದು ಉಂಟು. ಅದು ನರಗಳ ಕೆಲಸ, ಪ್ರತಿಸಲವೂ ದುಃಖವೆಂದಲ್ಲ. ದುಃಖವೋ ಅಲ್ಲವೋ ಎಂಬುದನ್ನು ಕೇಳಿಯೇ ತಿಳಿಯಬೇಕು. ಕೇಳುವುದಕ್ಕೆ ರಟ್ಟಿದೆಯಲ್ಲ.

ರಟ್ಟನ್ನು ದಪ್ಪ ಕಪ್ಪು ಅಕ್ಷರದಲ್ಲಿ ಬರೆದು ಮಂಚದ ತಲೆಯ ಕಡೆ ಮೊಳೆಗೆ ತೂಗಹಾಕಿ. ಕಪಾಟಿನಲ್ಲಿಟ್ಟರೆ ಮೂರನೆಯ ದಿನ ಸಿಕ್ಕದು. ಅದರ ಕೆಳಗೆ ತಮಿಳಿನಲ್ಲಿ ಎರಡು ಸಾಲು ಸೇರಿಸಿರಿ: ಮೇಲೆ ನೋಡಿದರೆ ಹೌದು, ಕೆಳಗೆ ನೋಡಿದರೆ ಇಲ್ಲ. ನೋವು, ಕಫ, ಮಗ್ಗುಲು, ಸೆಕೆ ಎಂಬವಕ್ಕೆ ಎದುರಾಗಿ ತಮಿಳು ಪದಗಳನ್ನೂ ಬರೆಯಿರಿ. ರಾತ್ರಿ ಪಾಳಿಗೆ ಬರುವ ನರ್ಸಮ್ಮನಿಗೆ ಅಷ್ಟು ಸಾಕು.